ಸಣ್ಣ ಊರಿನ ಮತಲೆಕ್ಕ

ಮತದಾನ ಮುಗಿದ ಸಂಜೆ ಊರೂರುಗಳಲ್ಲಿ ಒಂದು ಸಂಖ್ಯೆ ಓಡಾಡತೊಡಗುತ್ತದೆ. ಈ ಮತಗಟ್ಟೆಯಲ್ಲಿ ಶೇಕಡಾ 72, ಪಕ್ಕದ ಮತಗಟ್ಟೆಯಲ್ಲಿ 68. ಆದುದರಿಂದ ಈ ಕೇರಿಯವರು ಜಾಗೃತರು, ಆ ಕೇರಿಯವರು ಸೋಮಾರಿಗಳು ಎಂದು ತೀರ್ಪು ಹೊರಬೀಳುತ್ತದೆ. ಎಣಿಕೆಯ ದಿನ ಮತ್ತೊಂದು ಸಂಖ್ಯೆ ಬರುತ್ತದೆ: ಯಾವ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಮತ. ಸಣ್ಣ ಊರಿನ ಮಟ್ಟಿಗೆ ಮೊದಲನೆಯ ಸಂಖ್ಯೆಯಿಂದ ನಾವು ತಿಳಿಯಬಯಸುವುದು ತಿಳಿಯುವುದಿಲ್ಲ; ಎರಡನೆಯದರಿಂದ ತಿಳಿಯಬಾರದುದು ತಿಳಿದುಬಿಡುತ್ತದೆ.

ಹಂಪಿಗೆ ಹೊರಟ ಯಾತ್ರಿಕರಿಗೆ ಕಮಲಾಪುರವೆಂದರೆ ಪುರಾತತ್ವ ವಸ್ತುಸಂಗ್ರಹಾಲಯವೂ ವಿಜಯನಗರದರಸರ ಕಾಲದ ಕೆರೆಯೂ ಉಳ್ಳ ಊರು. ಆಡಳಿತದ ಲೆಕ್ಕದಲ್ಲಿ ಅದು ಹೊಸಪೇಟೆ ತಾಲ್ಲೂಕಿನ ಒಂದು ಪಟ್ಟಣ ಪಂಚಾಯಿತಿ. 2011ರ ಜನಗಣತಿಯಂತೆ ಜನಸಂಖ್ಯೆ ಸುಮಾರು 25,000. ಇದನ್ನು ವಾರ್ಡುಗಳಿಗೆ ಹಂಚಿ, ಮಕ್ಕಳನ್ನು ಕಳೆದರೆ, ಒಂದೊಂದು ವಾರ್ಡಿಗೆ ಉಳಿಯುವ ಮತದಾರರು ಸಾವಿರದ ಆಚೀಚೆ. ನಮ್ಮ ಮಾತೆಲ್ಲ ಈ ಸಾವಿರವನ್ನು ಕುರಿತದ್ದು.

ಶೇಕಡಾವೆಂಬುದು ಒಂದು ಭಿನ್ನರಾಶಿ. ಅಂಶವಾದ ಮತಗಳನ್ನು ಎಣಿಸುವಾಗ ನಾವು ತೋರುವ ಎಚ್ಚರಿಕೆ ಛೇದದ ವಿಷಯದಲ್ಲಿ ಇರುವುದಿಲ್ಲ. ಛೇದವೆಂದರೆ ಮತದಾರರ ಪಟ್ಟಿ. ತೀರಿಕೊಂಡವರ ಹೆಸರು ಅದರಲ್ಲಿ ಕೆಲಕಾಲ ಉಳಿದಿರುತ್ತದೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರೂ, ಕೆಲಸವರಸಿ ಬೆಂಗಳೂರಿಗೆ ಹೋದವರ ಹೆಸರೂ ಹಾಗೆಯೇ. ಹಂಪಿಯ ಬಜಾರಿನ ಮಂಟಪಗಳಲ್ಲಿ ವಾಸವಾಗಿದ್ದ ಕುಟುಂಬಗಳನ್ನು 2011ರಲ್ಲಿ ಎಬ್ಬಿಸಿ, ಮುಂದೆ ಕಡ್ಡಿರಾಂಪುರದಲ್ಲಿ ಜಾಗ ಕೊಟ್ಟುದು ವಾಚಕರಿಗೆ ನೆನಪಿರಬಹುದು. ಮನುಷ್ಯರು ಒಂದೇ ದಿನದಲ್ಲಿ ಮನೆ ಬಿಡಬಲ್ಲರು. ಅರ್ಜಿ ಕೊಡದೆ ಹೆಸರು ಅವರ ಹಿಂದೆ ಹೋಗುವುದಿಲ್ಲ. ಪಟ್ಟಿಯಲ್ಲಿ 1000 ಹೆಸರು, ಮತ ಹಾಕಿದವರು 680 ಎಂದುಕೊಳ್ಳೋಣ. ಶೇಕಡಾ 68 ಆಯಿತು. ಆ ಸಾವಿರದಲ್ಲಿ 60 ಮಂದಿ ಊರಿನಲ್ಲಿಯೇ ಇಲ್ಲವೆಂದಾದರೆ ನಿಜವಾದ ಪ್ರಮಾಣ ಶೇಕಡಾ 72ನ್ನೂ ಮೀರುತ್ತದೆ. ಸೋಮಾರಿಗಳೆನಿಸಿಕೊಂಡ ಕೇರಿಯವರು ಯಾರೊಬ್ಬರೂ ಹೆಚ್ಚಾಗಿ ಮತ ಹಾಕದೆಯೇ ಜಾಗೃತರಾದರು!

ಪಟ್ಟಿ ಶುದ್ಧವಾಗಿದ್ದರೂ ಇನ್ನೊಂದು ತೊಡಕುಂಟು. ಪ್ರತಿಯೊಬ್ಬ ಮತದಾರನೂ ಮತಗಟ್ಟೆಗೆ ಬರುವ ಸಂಭವ ನೂರಕ್ಕೆ 70 ಇದ್ದರೆ, ಸಾವಿರ ಜನರ ಮತಗಟ್ಟೆಯಲ್ಲಿ ಕೇವಲ ಆಕಸ್ಮಿಕವಾಗಿ ಶೇಕಡಾ 67ರಿಂದ 73ರವರೆಗೆ ಏರಿಳಿತ ಕಾಣಬಹುದು. ಇದು ಸಂಭಾವ್ಯತೆಯ ಸರಳ ಗಣಿತ. ಆದರೆ ಈ ಗಣಿತವು ಮತದಾರರನ್ನು ಅನಿಲದ ಅಣುಗಳಂತೆ ಒಬ್ಬರನ್ನೊಬ್ಬರು ಅರಿಯದವರೆಂದು ಭಾವಿಸುತ್ತದೆ. ಸಣ್ಣ ಊರಿನಲ್ಲಿ ಜನರು ಮನೆಮಂದಿಯೊಡನೆ ಹೊರಡುತ್ತಾರೆ. ಅಜ್ಜಿಗೆ ಜ್ವರ ಬಂದರೆ ಸೊಸೆಯೂ ಉಳಿಯುತ್ತಾಳೆ, ದೂರದಲ್ಲಿ ಕಬ್ಬು ಕಡಿಯುವ ಕೆಲಸ ಸಿಕ್ಕಿದರೆ ನಾಲ್ವರೂ ಒಟ್ಟಿಗೆ ಹೋಗುತ್ತಾರೆ. ನಾಲ್ಕು ನಾಲ್ಕು ಜನ ಒಟ್ಟಾಗಿಯೇ ನಡೆದುಕೊಂಡರೆ ಸಾವಿರವು ಇನ್ನೂರೈವತ್ತಕ್ಕೆ ಸಮನಾಗಿ, ಏರಿಳಿತವು ಇಮ್ಮಡಿಯಾಗುತ್ತದೆ. ಇಡೀ ದೇಶದ ಲೆಕ್ಕದಲ್ಲಿ ಇವೆಲ್ಲ ಮುಳುಗಿಹೋಗುತ್ತವೆ. 1951-52ರ ಲೋಕಸಭಾ ಚುನಾವಣೆಯಲ್ಲಿ ಶೇಕಡಾ 45ರಷ್ಟಿದ್ದ ಮತದಾನ 2024ರಲ್ಲಿ 66ರ ಸಮೀಪಕ್ಕೆ ಬಂದುದು ಅರ್ಥವುಳ್ಳ ಸಂಗತಿಯೇ. ಎರಡು ಕೇರಿಗಳ ನಡುವಣ ನಾಲ್ಕು ಅಂಶದ ಅಂತರದಿಂದ ಮಾತ್ರ ಯಾರ ಗುಣವನ್ನೂ ಅಳೆಯಲಾಗದು.

ಹಾಗೆಂದು ಒಂದು ಮತಕ್ಕೆ ಬೆಲೆಯಿಲ್ಲವೆಂದು ನಾವು ಹೇಳುತ್ತಿಲ್ಲ. 2004ರಲ್ಲಿ ಸಂತೇಮರಹಳ್ಳಿಯ ವಿಧಾನಸಭಾ ಸ್ಥಾನವು 40,752ಕ್ಕೆ 40,751, ಅಂದರೆ ಒಂದೇ ಮತದ ಅಂತರದಿಂದ ನಿರ್ಣಯವಾಯಿತು.

ಇನ್ನು ಎರಡನೆಯ ಸಂಖ್ಯೆ. ನಮ್ಮನ್ನು ಹೆಚ್ಚು ಚಿಂತೆಗೀಡುಮಾಡಿರುವುದು ಇದೇ. ಗಡಿಗೆಯಷ್ಟು ಗಾಳಿಯ ಉಷ್ಣತೆಯನ್ನು ಅಳೆದವನಿಗೆ ಅದರ ಒಂದೊಂದು ಅಣುವಿನ ವೇಗ ತಿಳಿಯುವುದಿಲ್ಲ; ಅಣುಗಳ ಗುಟ್ಟನ್ನು ಅವುಗಳ ಅಪಾರ ಸಂಖ್ಯೆಯೇ ಕಾಪಾಡುತ್ತದೆ. ಗುಪ್ತ ಮತದಾನಕ್ಕೂ ಇಂತಹ ಕಾವಲು ಬೇಕು. ಮೈಸೂರಿನ ಕಾರ್ಖಾನೆಯಲ್ಲಿ ತಯಾರಾಗಿ 1962ರಿಂದ ನಮ್ಮ ಬೆರಳಿಗೆ ಬೀಳುತ್ತಿರುವ ಸಿಲ್ವರ್ ನೈಟ್ರೇಟಿನ ಶಾಯಿಯು ಬಂದವನು ಯಾರೆಂದು ತೋರಿಸುತ್ತದೆಯೇ ಹೊರತು, ಯಾರಿಗೆ ಮತ ಹಾಕಿದನೆಂದು ತೋರಿಸುವುದಿಲ್ಲ. ಮತಗಟ್ಟೆವಾರು ಫಲಿತಾಂಶವು ಆ ಮರೆಯನ್ನು ಸರಿಸುತ್ತದೆ. 680 ಮತಗಳಲ್ಲಿ ಸೋತ ಅಭ್ಯರ್ಥಿಗೆ 600 ಬಿದ್ದಿದ್ದರೆ ಆ ಕೇರಿಯ ಮನಸ್ಸು ಗೆದ್ದವನಿಗೆ ಬಯಲಾದಂತೆಯೇ. ಆಮೇಲೆ ಅಲ್ಲಿ ಕೊಳಾಯಿ ಕೆಟ್ಟು ತಿಂಗಳಾದರೆ, ಕಾರಣ ನಿಜವಾಗಿಯೂ ಹಣದ ಅಭಾವವೇ ಇರಲಿ, ಜನರು ಬೇರೆಯೇ ಅರ್ಥ ಮಾಡಿಕೊಳ್ಳುತ್ತಾರೆ; ಮುಂದಿನ ಸಲ ಗೆಲ್ಲುವವನನ್ನು ಊಹಿಸಿ ಮತ ಹಾಕುತ್ತಾರೆ. ಭಯದಿಂದ ಬಿದ್ದ ಮತಗಳಿಂದ ಶೇಕಡಾ 90 ಆದರೂ ಅದನ್ನು ಜಾಗೃತಿಯೆಂದು ಕರೆಯಲು ನಾವು ಸಿದ್ಧರಿಲ್ಲ.

ಕಾಗದದ ಮತಪತ್ರಗಳಿದ್ದಾಗ ಹಲವು ಮತಗಟ್ಟೆಗಳ ಪತ್ರಗಳನ್ನು ಬೆರೆಸಿ ಎಣಿಸಲು ಅವಕಾಶವಿತ್ತು. ಯಂತ್ರ ಬಂದ ಮೇಲೆ ಒಂದೊಂದರ ಲೆಕ್ಕವೂ ಬಿಡಿಬಿಡಿಯಾಗಿ ಹೊರಬೀಳುತ್ತಿದೆ. ಹಲವು ಯಂತ್ರಗಳ ಮತಗಳನ್ನು ಕೂಡಿಸಿ ಮೊತ್ತವನ್ನಷ್ಟೇ ತೋರಿಸುವ ಟೋಟಲೈಸರ್ ಎಂಬ ಉಪಕರಣವನ್ನು ಬಳಸಬೇಕೆಂದು ಚುನಾವಣಾ ಆಯೋಗವು 2008ರಲ್ಲಿ ಸೂಚಿಸಿತು. ಕಾನೂನು ಆಯೋಗವು 2015ರ ತನ್ನ 255ನೆಯ ವರದಿಯಲ್ಲಿ ಅನುಮೋದಿಸಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ಮತಗಟ್ಟೆವಾರು ಅಂಕಿಗಳಿದ್ದರೆ ಅಭ್ಯರ್ಥಿಗಳು ತಾವು ಹಿಂದೆ ಬಿದ್ದ ಕಡೆ ಹೆಚ್ಚು ದುಡಿಯುವರೆಂಬುದು ಅದರ ವಾದ. ಹಾಗೆ ದುಡಿಯುವವರೂ ಇದ್ದಾರು. ಆದರೆ ಒಳ್ಳೆಯವನ ಉತ್ಸಾಹಕ್ಕಾಗಿ ದ್ವೇಷಿಯ ಕೈಗೂ ಅದೇ ಪಟ್ಟಿಯನ್ನು ಕೊಡುವುದು ನಮಗೆ ಸರಿಕಾಣದು. ವಿಧಾನಸಭೆ, ಲೋಕಸಭೆಗಳ ಎಣಿಕೆಯಲ್ಲಿ ಈ ಉಪಕರಣವನ್ನು ಬಳಕೆಗೆ ತರಬೇಕು.

ಪಟ್ಟಣ ಪಂಚಾಯಿತಿಯ ಚುನಾವಣೆಯಲ್ಲಿ ಅದರಿಂದ ಹೆಚ್ಚು ಪ್ರಯೋಜನವಾಗದು ಎಂಬುದನ್ನೂ ಹೇಳಬೇಕು. ವಾರ್ಡಿಗೆ ಎರಡು ಮತಗಟ್ಟೆಗಳಿದ್ದರೆ ಬೆರೆಸಬಹುದು. ಒಂದೇ ಇದ್ದರೆ ಬೆರೆಸುವುದು ಯಾವುದರೊಡನೆ? ಅಂತಹ ಕಡೆ ಕೊಳಾಯಿ, ದೀಪ, ಚರಂಡಿಗಳ ದೂರುಗಳನ್ನು ಬಂದ ತಾರೀಖಿನೊಡನೆಯೂ ಸರಿಪಡಿಸಿದ ತಾರೀಖಿನೊಡನೆಯೂ ಬರೆದು ಪಂಚಾಯಿತಿಯ ಗೋಡೆಗೆ ತೂಗುಹಾಕಿದರೆ, ಯಾವ ಕೇರಿಯ ದೂರು ಎಷ್ಟು ದಿನ ಕಾದಿತೆಂಬುದನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು.