ಬಿಸಿಲ ನೆಗಡಿಗೆ ಸೂಜಿ ಬೇಡ

ಏಪ್ರಿಲ್ ಬಂತೆಂದರೆ ರಾಯದುರ್ಗದ ಬೆಟ್ಟ ಕಾದ ಹಂಚು. ಮಡಕಶಿರಾದ ಬಯಲಲ್ಲಿ ಬರೀ ಧೂಳು. ಇಂಥ ಬಿಸಿಲಲ್ಲೂ ಮೂಗು ಸೋರುತ್ತದೆ. ‘ಬ್ಯಾಸಗ್ಯಾಗ ಎಂಥಾ ನೆಗಡಿನೋ? ಫ್ರಿಜ್ ನೀರು ಕುಡದಿ, ಅದಕ್ಕ’ ಎಂದು ನಮ್ಮವ್ವ ಬೈಯುತ್ತಿದ್ದಳು. ನಾನೂ ನಂಬಿದ್ದೆ.

ನಿಜವೇ ಬೇರೆ. ನೆಗಡಿ ತರುವುದು ವೈರಸ್. ಇಂಗ್ಲೆಂಡಿನ ಸ್ಯಾಲಿಸ್‌ಬರಿಯಲ್ಲಿ 1946ರಿಂದ ದಶಕಗಳ ಕಾಲ ನೆಗಡಿಯ ಅಧ್ಯಯನಕ್ಕೆಂದೇ ಒಂದು ಕೇಂದ್ರವಿತ್ತು. ಅಲ್ಲಿ ಜನರನ್ನು ಒದ್ದೆ ಮೈಯಲ್ಲಿ ಗಾಳಿಗೆ ನಿಲ್ಲಿಸಿ ನೋಡಿದರು. ಅಷ್ಟರಿಂದಲೇ ನೆಗಡಿ ಹತ್ತಲಿಲ್ಲ. ಬೇಸಿಗೆಯಲ್ಲಿ ರೈನೋವೈರಸ್ ಜೊತೆಗೆ ಎಂಟರೋವೈರಸ್‌ಗಳೂ ಓಡಾಡುತ್ತವೆ. ಮದುವೆ, ಜಾತ್ರೆ, ಬಳ್ಳಾರಿ–ಪಾವಗಡದ ತುಂಬಿದ ಬಸ್ಸು, ಅರವಟ್ಟಿಗೆಯ ಒಂದೇ ಲೋಟ: ಇವೇ ಅವುಗಳ ದಾರಿ.

ಒಮ್ಮೆ ನಾನೂ ಅಂಗಡಿಯವರು ಕೊಟ್ಟ ಆಂಟಿಬಯೋಟಿಕ್ ನುಂಗಿದೆ. ನೆಗಡಿ ತನ್ನ ವಾರ ಮುಗಿಸಿಯೇ ಹೋಯಿತು. ಹೊಟ್ಟೆ ಕೆಟ್ಟದ್ದೇ ಲಾಭ! ಆಂಟಿಬಯೋಟಿಕ್ ಬ್ಯಾಕ್ಟೀರಿಯಾಕ್ಕೆ ಮದ್ದು, ವೈರಸ್‌ಗಲ್ಲ. ಬೇಡದ ಕಡೆ ಬಳಸಿದರೆ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗದಂತಾಗುತ್ತದೆ. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರಲ್ಲೇ ಈ ಎಚ್ಚರಿಕೆ ಕೊಟ್ಟಿದ್ದರು. ಆದರೂ ‘ಸೂಜಿ ಹಾಕ್ರಿ ಸಾರ್’ ಎಂದು ನಾವೇ ದುಂಬಾಲು ಬೀಳುತ್ತೇವೆ.

ಮಾಡಬೇಕಾದ್ದು ಇಷ್ಟೇ. ಸೋಪು ಹಚ್ಚಿ ಕೈ ತೊಳೆಯಿರಿ. ಲೋಟ ಬಾಯಿಗೆ ತಾಗಿಸದೆ ಎತ್ತಿ ಕುಡಿಯಿರಿ. ಕೆಮ್ಮುವಾಗ ಟವೆಲ್ ಅಡ್ಡ ಹಿಡಿಯಿರಿ. ನೆಗಡಿ ಹತ್ತಿದವರು ಕೂಸನ್ನು ಮುದ್ದಿಸಲು ಹೋಗಬೇಡಿ. ನೀರು, ಮಜ್ಜಿಗೆ, ಗಂಜಿ, ವಿಶ್ರಾಂತಿ ಸಾಕು. ಜ್ವರವಿಲ್ಲದೆ ಕಣ್ಣು ತುರಿಸಿ ಸೀನು ಬರುತ್ತಿದ್ದರೆ ಅದು ಧೂಳಿನ ಅಲರ್ಜಿ ಇರಬಹುದು. ಮೂರು ದಿನ ಜ್ವರ ಬಿಡದಿದ್ದರೆ, ಏದುಸಿರು ಬಂದರೆ, ಮಗುವಿನ ಪಕ್ಕೆ ಸೆಳೆಯುತ್ತಿದ್ದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಇದನ್ನು ಹೇಳುವ ಭಾಷೆಯೂ ಮುಖ್ಯ. ವೈದ್ಯರು ತೆಲುಗಿನಲ್ಲಿ ಹೇಳಿದ್ದಕ್ಕೆಲ್ಲ ನಮ್ಮವ್ವ ‘ಹೂಂ’ ಎಂದು ತಲೆಯಾಡಿಸಿ ಬರುತ್ತಿದ್ದಳು. ಮನೆಯಲ್ಲಿ ಕೇಳಿದರೆ ಒಂದೂ ಗೊತ್ತಿಲ್ಲ! 2022ರಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಜಿಲ್ಲೆ ಎರಡಾದರೂ ಮನೆಮಾತು ಕನ್ನಡವಾದವರು ಎರಡೂ ಕಡೆ ಇದ್ದಾರೆ. ಗಡಿಯ ಆಸ್ಪತ್ರೆಗಳ ಗೋಡೆಯ ಮೇಲೆ ಈ ನಾಲ್ಕು ಮಾತು ಕನ್ನಡದಲ್ಲೂ ಇರಲಿ. ಕನ್ನಡ ಶಾಲೆಯ ಮೇಷ್ಟ್ರುಗಳು ರಜೆ ಬಿಡುವ ಮುಂಚೆ ಮಕ್ಕಳಿಗೆ ಓದಿ ಹೇಳಲಿ. ಮಕ್ಕಳು ಮನೆಗೆ ಹೋಗಿ ಅವ್ವನಿಗೆ ಹೇಳುತ್ತಾರೆ. ಅದಕ್ಕೆ ಯಾವ ಸರ್ಕಾರದ ಆದೇಶವೂ ಬೇಕಿಲ್ಲ.