ಅರೆಬೆಂದ ಕಂಪೈಲರ್

ಭಾಲ್ಕಿಯಲ್ಲಿ ಅಕ್ಕನ ಮಗನಿಗೆ ಮೊನ್ನೆ ಸಿ ಹೇಳಿಕೊಡ್ತಿದ್ದೆ. ಹುಡುಗ ಓದಿದ್ದೆಲ್ಲ ಕನ್ನಡ ಮಾಧ್ಯಮ. ಒಂದು ಸೆಮಿಕೋಲನ್ ಬಿಟ್ಟಿದ್ದ. ಕ್ಲ್ಯಾಂಗ್ ಆ ಸಾಲನ್ನೇ ತೋರಿಸಿ, ಬಿಟ್ಟ ಜಾಗದ ಕೆಳಗೆ ಬಾಣದ ಗುರುತಿಟ್ಟಿತು. “ಮಾಮಾ, ಇದು ಏನ್ ಹೇಳ್ಲತ್ತದ?” ಅಂದ. ಇಂಗ್ಲಿಷ್ ತಿಳಿಯಲಿಲ್ಲ, ಬಾಣ ನೋಡಿ ತಿದ್ದಿದ.

ಈ ಕ್ಲ್ಯಾಂಗ್ ಅನ್ನೋದು ಕಂಪೈಲರಿನ ಮುಂಭಾಗ: ನಾವು ಬರೆದ ಕೋಡ್ ಓದಿ ತಪ್ಪು ಹಿಡಿಯುವ ಭಾಗ. 2007ರಲ್ಲಿ ಆಪಲ್‌ನವರು ಇದರ ಕೋಡ್ ಮುಕ್ತಗೊಳಿಸಿದಾಗ ಅದಿನ್ನೂ ಅರೆಬೆಂದದ್ದು. ಸಿ ಪ್ಲಸ್ ಪ್ಲಸ್ ದೂರದ ಮಾತು. ತುಂಡು ತುಂಡಾಗಿ ಬೆಳೆಸಿದರು. 2010ರ ಫೆಬ್ರುವರಿಯಲ್ಲಿ ತನ್ನನ್ನು ತಾನೇ ಕಂಪೈಲ್ ಮಾಡಿಕೊಂಡಿತು! 2013ರ 3.3ನೇ ಆವೃತ್ತಿಯಿಂದ ವೇರಿಯಬಲ್‌ಗೆ ‘ಮೊತ್ತ’ ಅಂತ ಕನ್ನಡದಲ್ಲೇ ಹೆಸರಿಡಬಹುದು.

ಅದರ ತಪ್ಪು-ಸಂದೇಶಗಳು ಬೇರೆಯೇ ಕಡತಗಳಲ್ಲಿ ಪಟ್ಟಿಯಂತೆ ಇವೆ. ಕನ್ನಡಕ್ಕೆ ತರೋಣ ಅಂದ್ರೆ ನಮ್ಮವರು ಮೊದಲು ಕೇಳೋದು, ಪಾರಿಭಾಷಿಕ ಪದಕೋಶ ಎಲ್ಲಿ ಅಂತ. ಅದು ಮುಗಿಯೋಷ್ಟರಲ್ಲಿ ಹುಡುಗನ ಡಿಪ್ಲೊಮಾ ಮುಗಿದಿರುತ್ತೆ ಸ್ವಾಮಿ. ಹೊಸಬರಿಗೆ ಎದುರಾಗುವ ಹತ್ತು ಸಂದೇಶ ಸಾಕು, ಉಳಿದದ್ದು ಇಂಗ್ಲಿಷಿನಲ್ಲೇ ಇರಲಿ. ಮೊದಲನೆಯದನ್ನು ಕುಟ್ಟಿಟ್ಟಿದ್ದೇನೆ: “ಇಲ್ಲಿ ಸೆಮಿಕೋಲನ್ ಇರಬೇಕಿತ್ತು”. ಘೋಷಿಸದ ಹೆಸರು ಬಳಸಿದಾಗ ಬರೋದನ್ನ ನಿಮ್ಮಲ್ಲಿ ಯಾರು ಬರೀತೀರಿ?