ಹರೆಯದವರ ಮನಸ್ಸಿಗೆ ದವಾಖಾನೆ ಬೇಡವೆ?

ಮಂಕಿಯ ತರುಣನೊಬ್ಬ ಪದವಿ ಮುಗಿಸಿ ಮನೆಯಲ್ಲಿ ಕುಳಿತಿದ್ದಾನೆ ಎಂದಿಟ್ಟುಕೊಳ್ಳಿ. ತಂದೆ ದೋಣಿಗೆ ಹೋಗುವವ. ಓದಿದ ಮಗನಿಗೆ ಬಲೆ ಎಳೆಯಲು ಸಂಕೋಚ; ಬೆಂಗಳೂರಿನಿಂದಲೂ ಗಲ್ಫಿನಿಂದಲೂ ಕರೆ ಬಂದಿಲ್ಲ. ಜೂನ್-ಜುಲೈನಲ್ಲಿ ಯಾಂತ್ರಿಕ ದೋಣಿಗಳಿಗೆ 61 ದಿನ ನಿಷೇಧ. ಆಗ ಅಪ್ಪ-ಮಗ ಒಂದೇ ಜಗಲಿಯಲ್ಲಿ ಮುಖ ತಪ್ಪಿಸಿಕೊಂಡು ದಿನ ನೂಕಬೇಕು. ಹುಡುಗನಿಗೆ ನಿದ್ದೆಯಿಲ್ಲ, ಊಟ ಸೇರದು. ಊರು ಅವನನ್ನು ಸೋಮಾರಿ ಎನ್ನುತ್ತದೆ. ತಾಯಿ ಪಾತ್ರಿಯ ಬಳಿ ಓಡುತ್ತಾಳೆ.

ಉದ್ಯೋಗ ಸಿಕ್ಕರೆ ಎಲ್ಲ ಸರಿಹೋದೀತು ಎಂದು ನಮ್ಮವರೇ ಕೆಲವರು ಹೇಳುವುದುಂಟು. ಉದ್ಯೋಗ ಬೇಕು, ಸಂಶಯವಿಲ್ಲ. ಆದರೆ ಕುಗ್ಗಿದ ಮನಸ್ಸಿನವನು ಅರ್ಜಿ ಬರೆಯಲೂ ಏಳಲಾರ. ಕಾಲು ಮುರಿದವನಿಗೆ, ಮೊದಲು ಕೆಲಸಕ್ಕೆ ಹೋಗು, ಪಟ್ಟಿ ಆಮೇಲೆ ಕಟ್ಟೋಣ ಎನ್ನುತ್ತೇವೆಯೆ? ತರಬೇತಿ ಪಡೆದವರೊಬ್ಬರು ವಾರವಾರವೂ ಎದುರು ಕುಳಿತು, ಹುಡುಗ ಹೇಳುವುದನ್ನು ಕೇಳಿ, ಹದಗೆಟ್ಟ ದಿನಚರಿಯನ್ನು ಅವನಿಂದಲೇ ಮತ್ತೆ ಕಟ್ಟಿಸುವುದೂ ಚಿಕಿತ್ಸೆಯೇ. ಸಿರಿವಂತರ ಮಕ್ಕಳು ಬೆಂಗಳೂರಿನಲ್ಲಿ ಗಂಟೆಯ ಲೆಕ್ಕದಲ್ಲಿ ಹಣ ತೆತ್ತು ಅದನ್ನು ಪಡೆಯುತ್ತಾರೆ.

ಬಡವನಿಗೂ ಇದು ಹಕ್ಕು. 2017ರ ಮಾನಸಿಕ ಆರೋಗ್ಯ ಕಾಯಿದೆಯ 18ನೇ ಕಲಮು ಸ್ಪಷ್ಟವಾಗಿದೆ: ಚಿಕಿತ್ಸೆಗಾಗಿ ಯಾರೂ ದೂರ ಅಲೆಯಬಾರದು, ಸೇವೆ ವಾಸದ ಸಮೀಪದಲ್ಲೇ ಸಿಗಬೇಕು, ಜಿಲ್ಲೆಯಲ್ಲಿ ಸರಕಾರಿ ಸೇವೆಯೇ ಇಲ್ಲದಿದ್ದರೆ ಬೇರೆಡೆಯ ಖರ್ಚನ್ನು ಸರಕಾರ ಹೊರಬೇಕು. ಮಂಕಿಯಿಂದ ಕಾರವಾರ ಸುಮಾರು ನೂರು ಕಿಲೋಮೀಟರು! 2023ರ ಶಕ್ತಿ ಯೋಜನೆಯಿಂದ ತಂಗಿಗೆ ಬಸ್ಸು ಪುಕ್ಕಟೆ; ಅಣ್ಣ ಮಾತ್ರ ಚಾರ್ಜಿಗೆ ಅಪ್ಪನೆದುರು ಕೈಯೊಡ್ಡಬೇಕು, ಏತಕ್ಕೆಂದೂ ಹೇಳಬೇಕು. ಅಲ್ಲಿಗೆ ಆ ಪ್ರಯಾಣ ಮುಗಿಯಿತು.

2022ರ ಅಕ್ಟೋಬರಿನಲ್ಲಿ ‘ಟೆಲಿ ಮಾನಸ್’ ಆರಂಭವಾಯಿತು. 14416ಕ್ಕೆ ಫೋನು ಮಾಡಿದರೆ ಕನ್ನಡದಲ್ಲೇ, ಕಾಸು ಕೊಡದೆ ಮಾತಾಡಬಹುದು. ಒಳ್ಳೆಯ ಕೆಲಸ, ಕಾಲೇಜು, ಬಸ್ ನಿಲ್ದಾಣಗಳ ಗೋಡೆಯ ಮೇಲೆಲ್ಲ ಆ ನಂಬರು ಬರೆಯಿಸಲಿ. ಆದರೆ ಎರಡು ಕೋಣೆಯ ಮನೆಯಲ್ಲಿ ಹುಡುಗ ಯಾರಿಗೂ ಕೇಳದಂತೆ ಮಾತಾಡುವುದೆಲ್ಲಿ? ಬಂದರದ ಕಟ್ಟೆಯಲ್ಲೆ?

ತರುಣರಿಗೆಂದೇ ಯುವಜನ ಖಾತೆಯು ನಿಮ್ಹಾನ್ಸಿನೊಡನೆ ‘ಯುವ ಸ್ಪಂದನ’ವನ್ನು ಹೂಡಿ ಜಿಲ್ಲೆಗೊಂದು ಕೇಂದ್ರ ತೆರೆಯಿತು. ಜಿಲ್ಲೆಗೆ ಒಂದು! ಭಟ್ಕಳದಿಂದ ಜೋಯಿಡಾದವರೆಗೆ ಹರಡಿದ ಈ ಜಿಲ್ಲೆಗೂ ಒಂದೇ.

ನಾವು ಅರಮನೆ ಕೇಳುತ್ತಿಲ್ಲ. ಮಂಕಿಯ ಸರಕಾರಿ ದವಾಖಾನೆಯಲ್ಲಿ ಬಾಗಿಲು ಮುಚ್ಚಲು ಬರುವ ಒಂದು ಕೋಣೆ, ವಾರಕ್ಕೊಂದು ದಿನ ಖಾಯಂ ಸಂಬಳದ ಆಪ್ತಸಲಹೆಗಾರರು. ಹೊರಗೆ ‘ಮಾನಸಿಕ’ ಎಂಬ ಫಲಕ ಬೇಡ. ಊರಿನ ಬಾಯಿಗೆ ಹೆದರಿ ಯಾರೂ ಒಳಗೆ ಕಾಲಿಡರು. ಪಟ್ಟಣ ಪಂಚಾಯತದವರು ಈ ಕುರಿತು ಠರಾವು ಮಾಡಿ, ಬರುವ ಮಳೆಗಾಲದೊಳಗೇ ಆರೋಗ್ಯ ಖಾತೆಯಿಂದ ಉತ್ತರ ತರಿಸಬೇಕು.